ಪುಣೆ ಸುತ್ತಿನ ಕಾಡು ಯಾವ ಬಗೆಯದು? ಗುರುತಿಸುವವರಿಗೆ ಹಂತ ಹಂತದ ಮಾರ್ಗದರ್ಶಿ

ಪುಣೆಯ ಕನ್ನಡಿಗರು ಭಾನುವಾರ ಟೇಕಡಿ (ಗುಡ್ಡಕ್ಕೆ ಮರಾಠಿ ಹೆಸರು) ಹತ್ತಿ ಇಳಿದು ಬರೆದಿಡುವ ಟಿಪ್ಪಣಿಗಳಲ್ಲಿ ಅದೇ ಮೂರು ತಪ್ಪು ಮತ್ತೆ ಮತ್ತೆ ಕಾಣುತ್ತವೆ. ನಗರದೊಳಗಿನ ವೇತಾಳ ಟೇಕಡಿಗೆ ‘ದಟ್ಟ ಕಾಡು’, ಘಟ್ಟದ ಭೀಮಾಶಂಕರಕ್ಕೆ ‘ಕುರುಚಲು ಕಾಡು’, ಪೂರ್ವದ ಒಣ ಬಯಲಿನ ಸುಪೆಯ ಹುಲ್ಲುಗಾವಲಿಗೆ ‘ಹಾಳಾದ ಕಾಡು’. ಬರೆದವರಿಗೆ ಗಿಡಮರ ಗೊತ್ತಿಲ್ಲ ಎಂದಲ್ಲ. ಶಿರಸಿ, ತೀರ್ಥಹಳ್ಳಿ ಕಡೆಯವರು ನೂರಾರು ಮರಗಳ ಹೆಸರು ಹೇಳಬಲ್ಲರು. ಎಡವುವುದು ಕ್ರಮದಲ್ಲಿ. ಕಂಡ ಮೊದಲ ಮರದ ಹೆಸರು ಹಿಡಿದು ಕಾಡಿನ ಬಗೆ ತೀರ್ಮಾನಿಸಿಬಿಡುತ್ತಾರೆ. ಮೊದಲು ಮಳೆ, ಆಮೇಲೆ ನೆಲ, ಆಮೇಲೆ ನೆಟ್ಟದ್ದೋ ತಾನಾಗಿ ಹುಟ್ಟಿದ್ದೋ ಎಂಬುದು, ಆಮೇಲೆ ಎಲೆ ಉದುರುವ ಲೆಕ್ಕ. ಮರಗಳ ಹೆಸರು ಕೊನೆಗೆ ಬರಬೇಕು.

ಹೆಸರು ತಪ್ಪಿದರೆ ಏನಾಯಿತು ಎಂದು ಕೇಳುವವರಿದ್ದಾರೆ. ಹುಲ್ಲುಗಾವಲನ್ನು ‘ಹಾಳಾದ ಕಾಡು’ ಎಂದು ಬರೆದ ಕೂಡಲೇ ಅಲ್ಲಿ ಗುಂಡಿ ತೋಡಿ ಸಸಿ ನೆಡಲು ಕಾರಣ ಸಿಕ್ಕಂತಾಗುತ್ತದೆ. ಚಿಂಕಾರ, ತೋಳ, ನರಿಗಳು ಬದುಕುವ ನೆಲ ಆ ಒಂದು ಪದದಿಂದ ಕೈಬಿಟ್ಟು ಹೋಗುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

## ಜೊತೆಗೆ ಇರಬೇಕಾದದ್ದು

50 ಮೀಟರ್ ನೈಲಾನ್ ಹಗ್ಗ. ಅದಕ್ಕೆ ಮೀಟರಿಗೊಂದರಂತೆ ಬಣ್ಣದ ದಾರ ಕಟ್ಟಿಟ್ಟುಕೊಳ್ಳಿ. ದರ್ಜಿಯ ಟೇಪು, ಪೆನ್ಸಿಲ್, ದಪ್ಪ ರಟ್ಟಿನ ಪುಸ್ತಕ, ಸಣ್ಣ ಭೂತಗನ್ನಡಿ, ಫೋನು. ಬೈನಾಕ್ಯುಲರ್ ಇದ್ದರೆ ಹಕ್ಕಿಗೆ ಎಷ್ಟು ಬೇಕೋ ಎತ್ತರದ ಮರದ ಎಲೆ ನೋಡಲೂ ಅಷ್ಟೇ ಬೇಕು. ಪೆನ್ನು ತರಬೇಡಿ, ಮುಳಶಿಯ ಮಳೆಗೆ ಶಾಯಿ ನಿಲ್ಲುವುದಿಲ್ಲ.

ಫೋನಿನ ಗಿಡ ಗುರುತಿಸುವ ಆ್ಯಪ್‌ಗಳನ್ನು ಸುಳಿವಿಗೆ ಮಾತ್ರ ಇಟ್ಟುಕೊಳ್ಳಿ. ಬರೀ ಎಲೆಯ ಚಿತ್ರ ಕೊಟ್ಟರೆ ಅವು ಬಹಳ ಸಲ ತಪ್ಪುತ್ತವೆ. ತೊಗಟೆ, ಎಲೆಯ ಮೇಲ್ಮೈ, ಎಲೆಯ ಬೆನ್ನು, ಹೂವು ಅಥವಾ ಕಾಯಿ, ಹೀಗೆ ನಾಲ್ಕು ಚಿತ್ರ ತೆಗೆದಿಡಿ.

## ಹಂತ 1: ಮನೆ ಬಿಡುವ ಮುನ್ನ ಮಳೆ ನೋಡಿ

ಪುಣೆ ಸಹ್ಯಾದ್ರಿಯ ಮಳೆ ನೆರಳಿನಲ್ಲಿದೆ. ಪಶ್ಚಿಮದ ತಾಮ್ಹಿಣಿ ಘಾಟಿಯಲ್ಲಿ ಒಳ್ಳೆಯ ವರ್ಷ 6000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಪುಣೆ ನಗರದಲ್ಲಿ ಸುಮಾರು 700. ಪೂರ್ವಕ್ಕೆ ಬಾರಾಮತಿ ಕಡೆ ಹೋದರೆ 500ರ ಆಸುಪಾಸು. ಇಷ್ಟೆಲ್ಲ ಬದಲಾವಣೆ ನೂರೈವತ್ತು ಕಿಲೋಮೀಟರಿನೊಳಗೆ. ಬೆಳಿಗ್ಗೆ ಒಂದು ಬಗೆಯ ಕಾಡು ನೋಡಿ, ಮಧ್ಯಾಹ್ನ ಊಟ ಮುಗಿಸಿ, ಸಂಜೆಯೊಳಗೆ ಇನ್ನೊಂದು ಬಗೆಯದ್ದನ್ನು ನೋಡಬಹುದಾದ ಊರು ಇದು.

ಹಾಗಾಗಿ ನೀವು ಹೋಗುವ ಜಾಗದ ಸರಾಸರಿ ಮಳೆಯನ್ನು ಪುಸ್ತಕದ ಮೊದಲ ಸಾಲಿನಲ್ಲೇ ಬರೆಯಿರಿ. ಸ್ಥೂಲವಾಗಿ ಹೇಳುವುದಾದರೆ 750ಕ್ಕಿಂತ ಕಡಿಮೆ ಇರುವಲ್ಲಿ ಹುಲ್ಲು ಮತ್ತು ಮುಳ್ಳುಕಂಟಿ, ಅಲ್ಲಿಂದ 1500ರವರೆಗೆ ಒಣ ಎಲೆ ಉದುರುವ ಕಾಡು, 2500ರವರೆಗೆ ತೇವದ ಎಲೆ ಉದುರುವ ಕಾಡು, ಅದರ ಮೇಲೆ ಅರೆ ನಿತ್ಯಹಸಿರು ಅಥವಾ ನಿತ್ಯಹಸಿರು. ಗಡಿಗಳು ಗೆರೆ ಕೊಯ್ದಂತೆ ಇರುವುದಿಲ್ಲ. ಆದರೆ ನೀವು ಬರೆದ ಬಗೆಗೂ ಮಳೆಗೂ ಎರಡು ಮೆಟ್ಟಿಲಿನ ಅಂತರ ಬಂದರೆ ಎಲ್ಲೋ ತಪ್ಪಿದೆ ಎಂದೇ ತಿಳಿಯಿರಿ.

ಮಲೆನಾಡಿನವರಿಗೆ ಒಂದು ಮಾತು. ಮಳೆಯ ಮೊತ್ತ ಆಗುಂಬೆಯ ಹತ್ತಿರ ಬಂದರೂ ಇಲ್ಲಿ ಮಳೆ ನಿಂತ ಮೇಲೆ ಏಳೆಂಟು ತಿಂಗಳು ಒಣಗಾಲ. ಹೀಗಾಗಿ ಇಲ್ಲಿನ ನಿತ್ಯಹಸಿರು ಕಾಡು ಗಿಡ್ಡ, ಮರದ ಜಾತಿಗಳೂ ಕಡಿಮೆ. ಮಲೆನಾಡಿನ ಸಾಲುಧೂಪವನ್ನು ಇಲ್ಲಿ ಹುಡುಕುತ್ತ ಹೋದರೆ ನಿರಾಶೆಯಾಗುತ್ತದೆ, ಆ ನಿರಾಶೆಯಲ್ಲೇ ಭೀಮಾಶಂಕರ ‘ಕುರುಚಲು’ ಆಗಿಬಿಡುತ್ತದೆ.

## ಹಂತ 2: ದೂರ ನಿಂತು ಇಡೀ ಗುಡ್ಡ ನೋಡಿ

ಒಳಗೆ ನುಗ್ಗಬೇಡಿ. ಎದುರಿನ ರಸ್ತೆಯಲ್ಲಿ ನಿಂತು ಗುಡ್ಡವನ್ನು ಪಟ್ಟಿ ಪಟ್ಟಿಯಾಗಿ ಬಿಡಿಸಿಕೊಳ್ಳಿ. ಇಲ್ಲಿನ ಬೆಟ್ಟಗಳು ಲಾವಾರಸ ಪದರ ಪದರವಾಗಿ ಗಟ್ಟಿಯಾದ ಕರಿಗಲ್ಲಿನವು. ಕಡಿದಾದ ಬಂಡೆ, ಅದರ ಕೆಳಗೆ ಮಣ್ಣು ನಿಂತ ಮೆಟ್ಟಿಲು, ಮತ್ತೆ ಬಂಡೆ. ಮೇಲೆ ಚಪ್ಪಟೆ ಸಡಾ, ಅಲ್ಲಿ ಮಣ್ಣು ಬೆರಳೆತ್ತರವೂ ಇರದ ಜಾಗಗಳಿವೆ. ಮೆಟ್ಟಿಲಲ್ಲಿ ಮರ, ಇಳಿಜಾರಲ್ಲಿ ಕಾರ್ವಿ ಪೊದೆ, ಸಡಾದ ಮೇಲೆ ಹುಲ್ಲು: ಮೂರೂ ಒಂದೇ ಗುಡ್ಡದಲ್ಲಿ, ಒಂದೇ ಮಳೆಯಲ್ಲಿ ಇರುತ್ತವೆ. ಪ್ರತಿ ಪಟ್ಟಿಗೂ ಬೇರೆ ಟಿಪ್ಪಣಿ ಬೇಕು. ಇಡೀ ಗುಡ್ಡಕ್ಕೆ ಒಂದೇ ಹೆಸರು ಕೊಡುವುದನ್ನು ಇಲ್ಲಿಗೇ ಬಿಟ್ಟುಬಿಡಿ.

ಹಳ್ಳದ ದಂಡೆಯನ್ನು ಲೆಕ್ಕದಿಂದ ಹೊರಗಿಡಿ. ಅತ್ತಿ, ಹೊಂಗೆ, ಹೊಳೆಮತ್ತಿ ಬೇಸಿಗೆಯಲ್ಲೂ ಹಸಿರಾಗಿ ನಿಂತು ಕಣ್ಣು ತಪ್ಪಿಸುತ್ತವೆ.

## ಹಂತ 3: ನೆಟ್ಟದ್ದನ್ನು ಬೇರ್ಪಡಿಸಿ

ಅತಿ ಹೆಚ್ಚು ಜನ ಸೋಲುವುದು ಇಲ್ಲೇ. ಪುಣೆ ನಗರದ ಟೇಕಡಿಗಳ ಹಸಿರಿನಲ್ಲಿ ಬಹುಪಾಲು ಗ್ಲಿರಿಸಿಡಿಯಾ. ಅದು ಮಧ್ಯ ಅಮೆರಿಕದ ಮರ, ನಮ್ಮೂರುಗಳಲ್ಲಿ ಗೊಬ್ಬರದ ಗಿಡವೆಂದು ಗದ್ದೆ ಬದುವಿನಲ್ಲಿ ಹಾಕುತ್ತಾರೆ. ದನ ಅದನ್ನು ಸುಲಭಕ್ಕೆ ಮುಟ್ಟುವುದಿಲ್ಲ, ಕೊಂಬೆ ಊರಿದರೂ ಚಿಗುರುತ್ತದೆ, ಆದ್ದರಿಂದ ಬೋಳು ಗುಡ್ಡ ಹಸಿರು ಮಾಡುವವರ ಕೈಗೆ ಅದೇ ಸಿಕ್ಕಿತು.

ಒಂದು ಎಲೆ ಕಿತ್ತು ಹತ್ತಿರ ಹಿಡಿಯಿರಿ. ಎದುರುಬದುರಾಗಿ ಕೂತ ಎಸಳುಗಳು (ಒಂದೇ ಎಲೆಯ ಕಿರುಎಲೆಗಳು), ಅಂಚು ನುಣುಪು, ತಿರುವಿದರೆ ಬೆನ್ನಿನ ಮೇಲೆ ಕಂದು ನೇರಳೆ ಬಣ್ಣದ ಚಿಕ್ಕ ಚಿಕ್ಕ ಕಲೆ. ಉಜ್ಜಿದರೆ ಒಂದು ಥರದ ಕೆಟ್ಟ ವಾಸನೆ. ಫೆಬ್ರವರಿ ಮಾರ್ಚಿನಲ್ಲಿ ಬರಿ ಕೊಂಬೆಯ ಉದ್ದಕ್ಕೂ ತಿಳಿಗುಲಾಬಿ ಹೂವು. ಆ ಹೂವಿನ ಚಂದ ನೋಡಿ ಅದನ್ನು ‘ನಮ್ಮ ಕಾಡಿನ ಮರ’ ಎಂದು ಬರೆದ ಟಿಪ್ಪಣಿಗಳು ಬಹಳ ಇವೆ.

ಎಲೆ ಗೊತ್ತಾಗದಿದ್ದರೂ ನೆಟ್ಟ ತೋಪನ್ನು ಹಿಡಿಯಬಹುದು. ಮರಗಳು ಸಾಲಾಗಿರುತ್ತವೆ, ಅಥವಾ ಎಲ್ಲವೂ ಒಂದೇ ದಪ್ಪ. ಬುಡದಲ್ಲಿ ಇಳಿಜಾರಿಗೆ ಅಡ್ಡವಾಗಿ ತೋಡಿದ ಕಾಲುವೆಯ ಗುರುತು. ಮುಖ್ಯವಾಗಿ, ಕೆಳಗೆ ಬೇರೆ ಜಾತಿಯ ಎಳೆ ಸಸಿಗಳು ತೀರ ಕಡಿಮೆ. ತಾನಾಗಿ ಬೆಳೆದ ಕಾಡಿನಲ್ಲಿ ಅಜ್ಜ, ಅಪ್ಪ, ಮೊಮ್ಮಗ ಮೂವರೂ ಒಟ್ಟಿಗೆ ಸಿಗುತ್ತಾರೆ.

ಸುಬಾಬುಲ್, ನೀಲಗಿರಿ, ಆಸ್ಟ್ರೇಲಿಯಾದ ಅಕೇಶಿಯಾ, ಬಳ್ಳಾರಿ ಜಾಲಿ ಇವನ್ನೂ ಇದೇ ಪಟ್ಟಿಗೆ ಹಾಕಿ. ಪೊದೆಗಳಲ್ಲಿ ಲಂಟಾನ, ಮಳೆ ಹೆಚ್ಚಿರುವ ಕಡೆ ಕಮ್ಯುನಿಸ್ಟ್ ಗಿಡ. ಇಲ್ಲಿಯವರು ಅವನ್ನು ಘಾಣೇರಿ, ರಾನ್‌ಮೋಡಿ ಎನ್ನುತ್ತಾರೆ. ಲಂಟಾನ ಎಷ್ಟೇ ದಟ್ಟವಾಗಿದ್ದರೂ ಅದು ‘ಸ್ಥಳೀಯ ಕುರುಚಲು’ ಅಲ್ಲ. ತೇಗ ಮಾತ್ರ ಕಷ್ಟ: ಇಲ್ಲಿಯ ಮರವೇ, ಆದರೆ ನೆಟ್ಟದ್ದೂ ಬಹಳ. ತೇಗವೊಂದೇ ಸಾಲಾಗಿ ನಿಂತಿದ್ದರೆ ತೋಪು. ಮತ್ತಿ, ದಿಂಡಿಗ, ಬೂರುಗದ ನಡುವೆ ಬೆರೆತು ನಿಂತಿದ್ದರೆ ಕಾಡು.

ಸರಕಾರಿ ಅರಣ್ಯ ನಕ್ಷೆಯನ್ನು ಈ ವಿಷಯಕ್ಕೆ ನಂಬಬೇಡಿ. ಭಾರತೀಯ ಅರಣ್ಯ ಸರ್ವೇಕ್ಷಣೆಯವರು ಅಳೆಯುವುದು ಮರಗಳ ನೆತ್ತಿ ನೆಲವನ್ನು ಎಷ್ಟು ಮುಚ್ಚಿದೆ ಎಂಬುದನ್ನು. ಶೇ. 70ರ ಮೇಲಿದ್ದರೆ ಅತಿ ದಟ್ಟ, 40ರಿಂದ 70 ಮಧ್ಯಮ, 10ರಿಂದ 40 ವಿರಳ, 10ಕ್ಕಿಂತ ಕಡಿಮೆ ಇರುವ ಅರಣ್ಯಭೂಮಿ ಕುರುಚಲು. ಆ ಲೆಕ್ಕದಲ್ಲಿ ತೋಪೂ ಸೇರುತ್ತದೆ. ದಟ್ಟಣೆ ಬೇರೆ, ಬಗೆ ಬೇರೆ. ‘ಮಧ್ಯಮ ದಟ್ಟ’ ಎಂಬುದನ್ನು ಕಾಡಿನ ಬಗೆ ಎಂದು ಬರೆದು ಕಳಿಸುವವರು ದಯವಿಟ್ಟು ಈ ಸಾಲನ್ನು ಇನ್ನೊಮ್ಮೆ ಓದಿ.

## ಹಂತ 4: ಹಗ್ಗ ಎಳೆದು ಎಣಿಸಿ

ಕಾಲುದಾರಿಯಿಂದ ಇಪ್ಪತ್ತು ಹೆಜ್ಜೆಯಾದರೂ ಒಳಗೆ ಹೋಗಿ. ದಾರಿಯಂಚಿಗೆ ಬೆಳಕು ಹೆಚ್ಚು, ಕಳೆಯೂ ಹೆಚ್ಚು, ಅಲ್ಲಿ ಎಣಿಸಿದರೆ ಲಂಟಾನವೇ ಗೆಲ್ಲುತ್ತದೆ. ಹಗ್ಗವನ್ನು ನೆಟ್ಟಗೆ ಎಳೆಯಿರಿ. ಪ್ರತಿ ದಾರದ ಗುರುತಿನಲ್ಲಿ ನಿಂತು ಎರಡು ಪ್ರಶ್ನೆ ಕೇಳಿಕೊಳ್ಳಿ: ತಲೆಯ ಮೇಲೆ ಮರದ ನೆತ್ತಿ ಇದೆಯೇ? ಕಾಲ ಕೆಳಗೆ ಹುಲ್ಲಿದೆಯೇ? 50 ಗುರುತುಗಳಲ್ಲಿ ಎಷ್ಟು ಕಡೆ ‘ಹೌದು’ ಬಂತೋ ಅದನ್ನು ಎರಡರಿಂದ ಗುಣಿಸಿದರೆ ಶೇಕಡಾ ಸಿಗುತ್ತದೆ.

ಹುಲ್ಲಿನ ಪ್ರಶ್ನೆಯನ್ನು ಬಿಡಬೇಡಿ. ಇಲ್ಲಿನ ಹುಲ್ಲುಗಾವಲಿನ ಹುಲ್ಲುಗಳು ಬಿಸಿಲು ಬೇಡುವಂಥವು, ಮುಚ್ಚಿದ ನೆತ್ತಿಯ ಕೆಳಗೆ ಬಾಳುವುದಿಲ್ಲ. ಕಾಲಿನಡಿಗೆಲ್ಲ ಹುಲ್ಲು, ಅಲ್ಲೊಂದು ಇಲ್ಲೊಂದು ಮರ ಎಂದರೆ ಅದು ಮರಬೆರೆತ ಹುಲ್ಲುಗಾವಲು, ತನ್ನದೇ ಒಂದು ಬಗೆ.

ಆಮೇಲೆ ಹಗ್ಗದ ಒಂದು ಬದಿಗೆ 10 ಮೀಟರ್ ಉದ್ದ, 10 ಮೀಟರ್ ಅಗಲದ ಚೌಕ ಮಾಡಿ. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಸುತ್ತಳತೆ 30 ಸೆಂಟಿಮೀಟರ್ ದಾಟಿದ ಮರಗಳನ್ನೆಲ್ಲ ಬರೆಯಿರಿ. ಹೆಸರು ತಿಳಿಯದಿದ್ದರೆ ‘ಅ’, ‘ಆ’ ಎಂದು ಗುರುತು ಹಾಕಿ ಚಿತ್ರ ತೆಗೆಯಿರಿ. ಒಂದೇ ಚೌಕಕ್ಕೆ ನಿಲ್ಲಿಸಬೇಡಿ. ಒಂದು ಪಟ್ಟಿಗೆ ಕನಿಷ್ಠ ಐದು ಚೌಕ, ಒಂದರಿಂದ ಒಂದಕ್ಕೆ ಸಾಕಷ್ಟು ದೂರ ಬಿಟ್ಟು. ಚೆನ್ನಾಗಿ ಕಾಣುವ ಜಾಗ ಆರಿಸಿಕೊಳ್ಳುವ ಆಸೆ ಬರುತ್ತದೆ, ಅದಕ್ಕೆ ಮಣಿಯಬೇಡಿ.

## ಹಂತ 5: ಬೇಸಿಗೆಯಲ್ಲಿ ಅದೇ ಜಾಗಕ್ಕೆ ಮತ್ತೆ ಹೋಗಿ

ಸೆಪ್ಟೆಂಬರ್ ಕೊನೆಯಲ್ಲಿ ಪುಣೆಯ ಎಲ್ಲ ಗುಡ್ಡವೂ ಹಸಿರು. ಆಗ ನೋಡಿದವರಿಗೆ ಎಲ್ಲವೂ ಒಂದೇ. ಆಗ ಗಿಡ ಗುರುತಿಸಿ, ಕಾಡಿನ ಬಗೆಯನ್ನು ಮಾರ್ಚ್ ಕೊನೆ ಏಪ್ರಿಲ್ ಮೊದಲಲ್ಲಿ ತೀರ್ಮಾನಿಸಿ.

ಅದೇ ಚೌಕದ ಮರಗಳಲ್ಲಿ ಎಷ್ಟು ಬೋಳು, ಎಷ್ಟರಲ್ಲಿ ಹಳೆಯ ದಪ್ಪ ಎಲೆ ಇನ್ನೂ ಇದೆ, ಎಷ್ಟರಲ್ಲಿ ಹೊಸ ಚಿಗುರು ಎಂದು ಮೂರು ಗುಂಪು ಮಾಡಿ. ಇಲ್ಲೊಂದು ಬಲೆ ಇದೆ. ಸಾಗಡೆ, ಮರಾಠಿಯವರ ಕುಸುಂಬ, ಮಾರ್ಚಿನಲ್ಲಿ ಕೆಂಪು ಚಿಗುರು ಹೊತ್ತು ನಿಂತಿರುತ್ತದೆ. ಎಲೆ ಇದೆ ಎಂದು ಅದನ್ನು ನಿತ್ಯಹಸಿರಿಗೆ ಸೇರಿಸಬೇಡಿ, ಅದರ ಚಿಗುರು ಎಂದರೆ ಹಳೆ ಎಲೆ ಉದುರಿಸಿ ಎದ್ದದ್ದು ಎಂದರ್ಥ. ಎಲೆ ಕೈಯಲ್ಲಿ ಹಿಡಿದು ನೋಡಿ, ದಪ್ಪಗೆ ಚರ್ಮದ ಹಾಗಿದ್ದು ಗಾಢ ಹಸಿರಾಗಿದ್ದರೆ ಮಾತ್ರ ಹಳೆಯ ಎಲೆ.

ಬಹುತೇಕ ಬೋಳಾಗಿದ್ದರೆ ಒಣ ಎಲೆ ಉದುರುವ ಕಾಡು. ಬೋಳು ಮರಗಳೇ ಹೆಚ್ಚಿದ್ದರೂ ಕೆಳಹಂತದಲ್ಲಿ ಹಸಿರು ಉಳಿದಿದ್ದರೆ ತೇವದ ಎಲೆ ಉದುರುವ ಕಾಡು. ಅರ್ಧದ ಆಸುಪಾಸು ಹಳೆ ಎಲೆಯವಾದರೆ ಅರೆ ನಿತ್ಯಹಸಿರು. ಎತ್ತರದ ಮರಗಳಲ್ಲೂ ಬಹುಪಾಲು ಹಸಿರೇ ಆದರೆ ನಿತ್ಯಹಸಿರು.

## ಹಂತ 6: ಈಗ ಮರಗಳ ಹೆಸರು ಹಿಡಿದು ಬಗೆ ಖಚಿತಪಡಿಸಿ

ಹುಲ್ಲುಗಾವಲು ಮತ್ತು ಮುಳ್ಳುಕಂಟಿ. ಸಾಸವಡ, ಜೇಜುರಿ, ಸುಪೆ, ದೌಂಡ್, ಬಾರಾಮತಿ ಕಡೆ. ವಿಜಯಪುರ, ಬಾಗಲಕೋಟೆಯವರಿಗೆ ಇದು ಮನೆಯಂಗಳ: ಬಿಳಿಜಾಲಿ, ಬೋರೆ, ಇಂಗಳಾರ, ತಂಗಡಿ. ಮರಾಠಿಯಲ್ಲಿ ಹಿವರ, ಬೋರ, ಹಿಂಗಣಬೇಟ, ತರವಡ ಎಂದು ಕೇಳಿ, ಕುರಿಗಾಹಿಗಳು ತಕ್ಷಣ ತೋರಿಸುತ್ತಾರೆ. ಅಕ್ಟೋಬರ್ ನಂತರ ನಿಮ್ಮ ಕಾಲುಚೀಲಕ್ಕೆ ಚುಚ್ಚಿಕೊಂಡು ಬರುವ, ಬಾಲ ತಿರುಚಿದ ಚೂಪು ಬೀಜ ಕುಸಳ ಹುಲ್ಲಿನದು. ಅದು ಹೇರಳವಾಗಿದ್ದರೆ ನೀವು ಹುಲ್ಲಿನ ನಾಡಿನಲ್ಲಿದ್ದೀರಿ. ಬಾರಾಮತಿ ತಾಲೂಕಿನ ಮಯೂರೇಶ್ವರ ಅಭಯಾರಣ್ಯ ಐದು ಚದರ ಕಿಲೋಮೀಟರಿನಷ್ಟು ಚಿಕ್ಕದು, ಆದರೆ ಈ ಬಗೆ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಹತ್ತಿರದಲ್ಲಿ ಇಲ್ಲ. ಹುಲ್ಲಿನಲ್ಲಿ ಮೇಯುವ ಚಿಂಕಾರ ನೋಡಿದ ಮೇಲೆ ‘ಇಲ್ಲಿ ಮರ ಯಾಕಿಲ್ಲ’ ಎಂದು ಯಾರೂ ಕೇಳುವುದಿಲ್ಲ.

ಒಣ ಎಲೆ ಉದುರುವ ಕಾಡು. ನಗರದ ಟೇಕಡಿಗಳಲ್ಲಿ ಗ್ಲಿರಿಸಿಡಿಯಾ ತಪ್ಪಿಸಿ ಉಳಿದ ತುಂಡುಗಳು, ಸಿಂಹಗಡದ ಕೆಳ ಇಳಿಜಾರು. ಸಾಲಯಿ, ಮೋಯಿ, ಕಾಚಿನ ಮರ, ದಿಂಡಿಗ, ಮುತ್ತುಗ, ಹಾಲೆ. ಸಾಲಯಿ ಮತ್ತು ಮೋಯಿ ಎರಡೂ ಬೇಸಿಗೆಯಲ್ಲಿ ದಪ್ಪ ಕೊಂಬೆಯ ಬೋಳು ಮರಗಳು, ಗೊಂದಲವಾಗುವುದು ಸಹಜ. ಸಾಲಯಿಯ ತೊಗಟೆ ಬೂದು ಹಸಿರು, ತೆಳ್ಳಗೆ ಕಾಗದದಂತೆ ಸುಲಿಯುತ್ತದೆ, ಗಾಯವಾದಲ್ಲಿ ಧೂಪದ ಪರಿಮಳದ ಅಂಟು. ಎಲೆ ಇದ್ದರೆ ಇನ್ನೂ ಸುಲಭ: ಎಸಳಿನ ಅಂಚು ಗರಗಸದಂತಿದ್ದರೆ ಸಾಲಯಿ, ನುಣುಪಾಗಿದ್ದರೆ ಮೋಯಿ. ಸಾಲಯಿ ಕಲ್ಲು ನೆಲದ ಗಟ್ಟಿ ಮರ. ಟೇಕಡಿಯ ಮೇಲೆ ಹಳೆಯ ಸಾಲಯಿ ಸಿಕ್ಕರೆ ಆ ತುಂಡನ್ನು ನಕ್ಷೆಯಲ್ಲಿ ಬಿಡದೆ ಗುರುತಿಸಿ.

ತೇವದ ಎಲೆ ಉದುರುವ ಕಾಡು. ಮುಳಶಿ, ವೆಲ್ಹೆ, ಭೋರ್ ಕಡೆ. ನಮ್ಮ ದಾಂಡೇಲಿ, ಖಾನಾಪುರದವರಿಗೆ ಪರಿಚಯದ ಮುಖಗಳು: ಮತ್ತಿ, ನಂದಿ, ತಾರೆ, ಅಳಲೆ, ಹೊನ್ನೆ, ಕವಲು. ಮರಾಠಿಯಲ್ಲಿ ಐನ್, ನಾಣಾ, ಬೆಹಡಾ, ಹಿರಡಾ, ಬಿಬಳಾ, ಕುಂಭಾ. ಮತ್ತಿಗೆ ಮೊಸಳೆ ಬೆನ್ನಿನಂಥ ತೊಗಟೆ. ಅಷ್ಟು ಸಾಲದೆಂದರೆ ಎಲೆ ತಿರುವಿ, ತೊಟ್ಟಿನ ಹತ್ತಿರ ನಡುನರದ ಪಕ್ಕದಲ್ಲಿ ಭೂತಗನ್ನಡಿ ಹಿಡಿಯಿರಿ. ಚಿಕ್ಕ ಗುಬುಟಿನಂಥ ಗ್ರಂಥಿಗಳು ಕಾಣುತ್ತವೆ.

ನಿತ್ಯಹಸಿರು ಮತ್ತು ಅರೆ ನಿತ್ಯಹಸಿರು. ತಾಮ್ಹಿಣಿಯ ಕಣಿವೆಗಳು, ಭೀಮಾಶಂಕರ, ಇನ್ನೂ ದಕ್ಷಿಣಕ್ಕೆ ಮಹಾಬಳೇಶ್ವರ. ಘಟ್ಟದ ನೆತ್ತಿಯ ಕಾಡನ್ನು ಸಸ್ಯಶಾಸ್ತ್ರಜ್ಞರು ಮೂರು ಮರಗಳ ಹೆಸರಿನಿಂದಲೇ ಕರೆಯುತ್ತಾರೆ: ಅಂಜನಿ, ನೇರಳೆ, ಪಿಸಾ. ಗಾಳಿ ಮತ್ತು ಉದ್ದ ಒಣಗಾಲಕ್ಕೆ ಸಿಕ್ಕು ಮರಗಳು ಕುಳ್ಳಗೆ, ಕೊಂಬೆ ತಿರುಚಿಕೊಂಡು, ನೆತ್ತಿ ಒತ್ತೊತ್ತಾಗಿ ಬೆಳೆಯುತ್ತವೆ. ಕುಳ್ಳ ಎಂದು ಕುರುಚಲು ಅನ್ನಬೇಡಿ. ಒಳಗೆ ಹೊಕ್ಕರೆ ಏಪ್ರಿಲಿನಲ್ಲೂ ನೆರಳು, ಕಾಲಡಿಗೆ ಹುಲ್ಲಿಲ್ಲ, ಬಂಡೆಗೆ ಪಾಚಿ. ಮಹಾರಾಷ್ಟ್ರದಲ್ಲಿ ಶೇಕ್ರು ಎನ್ನುವ ಕೆಂಜಳಿಲು ಕೊಂಬೆಯಿಂದ ಕೊಂಬೆಗೆ ನೆಲ ಮುಟ್ಟದೆ ಓಡಾಡುತ್ತಿದ್ದರೆ ನೆತ್ತಿ ಮುಚ್ಚಿದೆ ಎಂಬುದಕ್ಕೆ ಅದೇ ಸಾಕ್ಷಿ.

ಹೆಸರಿನ ಎಚ್ಚರ ಒಂದಿದೆ. ಮರಾಠಿಯಲ್ಲಿ ಅಂಜನಿ ಬೇರೆ, ಅಂಜನ ಬೇರೆ. ಅಂಜನಿ ಘಟ್ಟದ ನಿತ್ಯಹಸಿರು ಮರ. ಅಂಜನ ನಮ್ಮ ಬಯಲುಸೀಮೆಯ ಕಮರ, ಒಣ ನಾಡಿನದು. ಕೇಳಿ ಬರೆದುಕೊಳ್ಳುವಾಗ ಒಂದು ಗುಣಿತ ತಪ್ಪಿದರೆ ಕಾಡಿನ ಬಗೆಯೇ ತಲೆಕೆಳಗಾಗುತ್ತದೆ.

ಕಾರ್ವಿ ಇಳಿಜಾರು. ಇದಕ್ಕೆ ಬೇರೆ ಸಾಲೇ ಬೇಕು. ಆಳೆತ್ತರದ ಪೊದೆ, ಗಂಟುಗಂಟು ಕಾಂಡ, ಒರಟು ದೊಡ್ಡ ಎಲೆ, ಇಳಿಜಾರು ಪೂರ್ತಿ ಅದೊಂದೇ. ಎಂಟು ವರ್ಷಕ್ಕೊಮ್ಮೆ ಒಟ್ಟಿಗೆ ಹೂಬಿಟ್ಟು, ಬೀಜ ಕಟ್ಟಿ ಸಾಯುತ್ತದೆ. ಮುಂಬಯಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ 2016ರಲ್ಲಿ ಅರಳಿದ್ದು ಮತ್ತೆ 2024ರಲ್ಲಿ ಅರಳಿತು. ಹೂಬಿಟ್ಟ ಮರುವರ್ಷ ಹೋದವರಿಗೆ ಒಣ ಕಡ್ಡಿಗಳ ಗುಡ್ಡ ಕಾಣುತ್ತದೆ, ಅದನ್ನು ‘ಬೆಂಕಿ ಬಿದ್ದ ಕಾಡು’ ಎಂದು ಬರೆಯುತ್ತಾರೆ. ಬಗ್ಗಿ ನೆಲ ನೋಡಿ. ಒತ್ತೊತ್ತಾಗಿ ಕಾರ್ವಿಯ ಎಳೆ ಸಸಿಗಳಿದ್ದರೆ ಅದು ಅದರ ಬಾಳಿನ ಸುತ್ತು, ಬೆಂಕಿಯಲ್ಲ.

## ದೇವರಾಯಿಗಳ ವಿಷಯ

ಮುಳಶಿ, ವೆಲ್ಹೆ (ಈಗ ರಾಜಗಡ), ಭೋರ್ ತಾಲೂಕುಗಳಲ್ಲಿ ಹಳ್ಳಿಯವರು ಕಾಯ್ದುಕೊಂಡ ದೇವರಾಯಿಗಳಿವೆ, ನಮ್ಮ ದೇವರಕಾಡುಗಳ ಹಾಗೇ. 1970ರ ದಶಕದಲ್ಲಿ ಮಾಧವ ಗಾಡ್ಗೀಳ್ ಮತ್ತು ವಿ. ಡಿ. ವರ್ತಕ್ ಇಂಥ ಕಾಡುಗಳನ್ನು ಸುತ್ತಿ ದಾಖಲಿಸಿದರು. ಕೊಡಲಿ ಬೀಳದಿದ್ದರೆ ಆ ಮಳೆಗೆ, ಆ ಮಣ್ಣಿಗೆ ಯಾವ ಕಾಡು ನಿಲ್ಲುತ್ತಿತ್ತು ಎಂಬುದಕ್ಕೆ ಇವು ಒಳ್ಳೆಯ ಮಾದರಿ. ಆದರೆ ಹಲವು ದೇವರಾಯಿಗಳು ನೀರಿನ ಸೆಲೆಯ ಪಕ್ಕದಲ್ಲಿವೆ. ಅಲ್ಲಿನ ಹಸಿರನ್ನು ಇಡೀ ತಾಲೂಕಿಗೆ ಹಚ್ಚಬೇಡಿ. ಒಳಗೆ ಹೋಗುವ ಮುಂಚೆ ಊರಿನವರನ್ನು ಕೇಳಿ, ಚಪ್ಪಲಿ ಹೊರಗೆ ಬಿಡಿ, ಬಿದ್ದ ಕಡ್ಡಿಯನ್ನೂ ತರಬೇಡಿ.

## ಅಪಾಯದ ಸೂಚನೆಗಳು

ಕಲ್ಲು ಎತ್ತಬೇಡಿ. ಒಣ ಬಯಲಿನ ಕಲ್ಲಿನಡಿ ಫುರ್ಸೆ ಇರುತ್ತದೆ. ಗೇಣುದ್ದದ ಮರಿಯಾದರೂ ಅದು ವಿಷದ ಹಾವು. ಮೈ ಉಜ್ಜಿ ಸರಸರ ಸದ್ದು ಮಾಡಿದರೆ ಹಿಂದೆ ಸರಿಯಿರಿ. ಅಕ್ಟೋಬರಿನಿಂದ ಆಚೆ ಕಂದು ರೋಮದ ಕಾಯಿಗೊಂಚಲು ಕಂಡರೆ ನಸುಗುನ್ನಿ, ಗಾಳಿ ಬೀಸುವ ದಿಕ್ಕಿನಲ್ಲಿ ನಿಲ್ಲಲೇಬೇಡಿ. ಗೇರುಬೀಜದ ಜಾತಿಯ ಬಿಬ್ಬಾ ಮರದ ಹಾಲು ತಾಗಿದರೆ ಚರ್ಮ ಬೊಬ್ಬೆಯೇಳುತ್ತದೆ, ಗುರುತಿಲ್ಲದ ಮರದ ತೊಗಟೆ ಕೆರೆಯುವ ಅಭ್ಯಾಸ ಬಿಡಿ. ಬಂಡೆಗಳಿಗೆ ಹೆಜ್ಜೇನು ತೂಗುತ್ತಿದ್ದರೆ ಸೆಂಟು ಹಚ್ಚಿಕೊಂಡವರು ಕೆಳಗೇ ಉಳಿಯಲಿ. ಫೆಬ್ರವರಿಯಿಂದ ಮಳೆ ಬರುವವರೆಗೆ ಹೊಗೆ ಕಂಡರೆ ಮೇಲೆ ಹತ್ತಬೇಡಿ, ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ನಿಮಗಿಂತ ವೇಗವಾಗಿ ಓಡುತ್ತದೆ. ಅಭಯಾರಣ್ಯದೊಳಗೆ ಎಲೆಯನ್ನೂ ಕೀಳುವಂತಿಲ್ಲ, ಚಿತ್ರ ಸಾಕು.

## ಹಂತ 7: ಟಿಪ್ಪಣಿ ಬರೆಯುವ ರೀತಿ

ಒಂದು ಪಟ್ಟಿಗೆ ಒಂದು ಪುಟ. ಜಾಗ, ಎತ್ತರ, ಮಳೆ, ಇಳಿಜಾರಿನ ದಿಕ್ಕು, ಮಣ್ಣಿನ ಆಳ. ನೆತ್ತಿ ಶೇಕಡಾ, ಹುಲ್ಲು ಶೇಕಡಾ. ನೆಟ್ಟ ಮರಗಳು ಎಷ್ಟು, ತಾನಾಗಿ ಬೆಳೆದವು ಎಷ್ಟು. ಬೇಸಿಗೆಯ ಮೂರು ಗುಂಪಿನ ಲೆಕ್ಕ. ಹೆಚ್ಚು ಸಿಕ್ಕ ಐದು ಜಾತಿ, ಕನ್ನಡ ಮತ್ತು ಮರಾಠಿ ಎರಡೂ ಹೆಸರಿನಲ್ಲಿ. ಇಷ್ಟೆಲ್ಲ ಬರೆದ ಮೇಲೆ ಪುಟದ ಕೊನೆಯ ಸಾಲಿನಲ್ಲಿ ಕಾಡಿನ ಬಗೆ.

ಎರಡು ಬಗೆಗಳ ನಡುವೆ ತೀರ್ಮಾನ ಆಗದಿದ್ದರೆ ಎರಡನ್ನೂ ಬರೆದು ಯಾಕೆ ಎಂದು ಒಂದು ಸಾಲು ಸೇರಿಸಿ. ಗುರುತು ಸಿಗದ ಗಿಡದ ಒಳ್ಳೆಯ ಚಿತ್ರಗಳನ್ನು ಸಸ್ಯಶಾಸ್ತ್ರ ಬಲ್ಲವರಿಗೆ ತೋರಿಸಿ. ಭಾರತೀಯ ಸಸ್ಯವೈಜ್ಞಾನಿಕ ಸರ್ವೇಕ್ಷಣೆಯ ಪಶ್ಚಿಮ ಪ್ರಾದೇಶಿಕ ಕೇಂದ್ರ ಪುಣೆಯಲ್ಲೇ ಇದೆ. ಸಸಿ ನೆಡುವ ಕಾರ್ಯಕ್ರಮಕ್ಕೆ ಕರೆ ಬಂದಾಗ ಆ ಜಾಗದ ಪುಟ ತೆಗೆದು ಕೊನೆಯ ಸಾಲು ಓದಿ. ಅಲ್ಲಿ ‘ಹುಲ್ಲುಗಾವಲು’ ಎಂದಿದ್ದರೆ ಪುಟವನ್ನು ಆಯೋಜಕರ ಮುಂದಿಟ್ಟು, ನೆಡುವುದು ಬೇಡ, ಬಳ್ಳಾರಿ ಜಾಲಿ ಕೀಳುವ ಕೆಲಸ ಕೊಡಿ ಎಂದು ಕೇಳಿ.